ಹೊಗೆ ಕಂಡು ಬೆಂಕಿಯನ್ನು ಅರಿಯುವುದು

ಮಳೆಗಾಲದಲ್ಲಿ ಪುತ್ತೂರಿನಿಂದ ಕಡಬದ ಕಡೆಗೆ ಬಸ್ಸಿನಲ್ಲಿ ಹೋದವರು ಒಂದು ನೋಟವನ್ನು ಕಂಡಿರಬಹುದು. ಮಳೆ ಒಂದು ಗಳಿಗೆ ಬಿಟ್ಟಿತೆಂದರೆ ಸಾಕು, ದೂರದ ಗುಡ್ಡದ ಮಗ್ಗುಲಿನಿಂದ ಬೆಳ್ಳಗೆ ಏನೋ ಮೇಲಕ್ಕೆ ಏಳುತ್ತದೆ. ಊರಿಗೆ ಹೊಸಬರಾದವರು ಅಲ್ಲಿ ಯಾರೋ ಬೆಂಕಿ ಹಾಕಿರಬೇಕೆಂದು ಭಾವಿಸುತ್ತಾರೆ. ಅದು ಹೊಗೆಯಲ್ಲ, ಮಂಜು ಎಂಬುದು ನಮ್ಮವರಿಗೆ ಗೊತ್ತು. ಎಂ.ಎ. ಓದುವಾಗ ಕಾವ್ಯಮೀಮಾಂಸೆಯ ಜೊತೆಗೆ ತರ್ಕಶಾಸ್ತ್ರದ ನಾಲ್ಕು ಮಾತುಗಳನ್ನೂ ನಾವು ಕೇಳಬೇಕಾಗಿತ್ತು. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸಬಹುದು. ಅಡಿಗೆಮನೆಯಲ್ಲಿ ಎರಡನ್ನೂ ಒಟ್ಟಿಗೆ ಕಂಡಿರುವುದೇ ಅದಕ್ಕೆ ಆಧಾರ. ಹೊಗೆ ಎಂಬುದು ಲಿಂಗ, ಅಂದರೆ ಕುರುಹು. ಆದರೆ ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದೂ ಹೊಗೆಯಿರುವುದಿಲ್ಲ ಎಂಬ ಎಚ್ಚರಿಕೆಯನ್ನೂ ಆ ಶಾಸ್ತ್ರಕಾರರು ಕೊಟ್ಟಿದ್ದಾರೆ. ಮೇಷ್ಟರು ಇದನ್ನು ವಿವರಿಸುವಾಗ ನಾನು ಕಿಟಕಿಯಾಚೆ ನೋಡುತ್ತಿದ್ದೆನೆಂದು ತೋರುತ್ತದೆ. ಇಪ್ಪತ್ತು ವರ್ಷಗಳ ತರುವಾಯ ಆ ಪಾಠವನ್ನು ನಾನು ಮತ್ತೆ ಕಲಿತದ್ದು ಆಸ್ಪತ್ರೆಯೊಂದರ ಪ್ರಯೋಗಶಾಲೆಯ ಮುಂದಿನ ಬೆಂಚಿನ ಮೇಲೆ ಕುಳಿತು.

ನನ್ನನ್ನು ಅಲ್ಲಿಗೆ ಕರೆದೊಯ್ದವಳು ನನ್ನ ವಿದ್ಯಾರ್ಥಿನಿ. ಕಡಬದ ಸಮೀಪದ ಹಳ್ಳಿಯವಳು. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಆದರೆ ಹೆಸರು, ಮನೆತನ ಇಲ್ಲಿ ಬೇಡ. ಎರಡನೆಯ ವರ್ಷದ ಬಿ.ಎ.ಯಲ್ಲಿ ಅವಳ ಹಾಜರಿ ಕಡಿಮೆಯಾಗತೊಡಗಿತು. ಒಂದು ಮಧ್ಯಾಹ್ನ ಅವಳ ತಾಯಿ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತಿದ್ದರು. "ಮಾಷ್ಟ್ರೇ, ಹಾಜರಿಗೆ ನೀವೇ ಏನಾದರೂ ದಾರಿ ಮಾಡಿಕೊಡಬೇಕು. ಕಾಯಿಲೆಯ ಹೆಸರು ಮಾತ್ರ ಯಾರಿಗೂ ಹೇಳಬೇಡಿ. ಹುಡುಗಿಗೆ ಇನ್ನು ಮದುವೆ ಆಗಬೇಕಲ್ಲ?" ಎಂದರು. ಅವರ ಕೈಚೀಲದಲ್ಲಿ ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನೊಂದು ಬಟ್ಟೆಯಲ್ಲಿ ಸುತ್ತಿಕೊಂಡು ಕುಳಿತಿತ್ತು. ಇಪ್ಪತ್ತನಾಲ್ಕು ಗಂಟೆಗಳ ಮೂತ್ರವನ್ನು ಒಂದು ಹನಿಯೂ ಬಿಡದೆ ಅದರಲ್ಲಿ ಶೇಖರಿಸಿ ತರಬೇಕೆಂದು ವೈದ್ಯರು ಹೇಳಿದ್ದರಂತೆ. ಆ ತಾಯಿ ಅದನ್ನು ಮಡಿಲಲ್ಲಿಟ್ಟುಕೊಂಡು, ಒಳಗೇನಿದೆಯೆಂದು ಯಾರಾದರೂ ಕೇಳಿಯಾರೆಂಬ ಭಯದಲ್ಲಿ ಬಸ್ಸಿನಲ್ಲಿ ಬಂದಿದ್ದರು.

ಕಾಯಿಲೆಯ ಹೆಸರು ಲೂಪಸ್. ಲ್ಯಾಟಿನ್ ಭಾಷೆಯಲ್ಲಿ ತೋಳ ಎಂದರ್ಥ. ನಮ್ಮ ಸೀಮೆಯ ಕಾಡಿನಲ್ಲಿ ಆನೆಯುಂಟು, ಚಿರತೆಯುಂಟು. ತೋಳದ ಕಥೆಗಳನ್ನು ಮಾತ್ರ ನಾವು ಬಯಲುಸೀಮೆಯವರಿಂದ ಕೇಳಿದ್ದೇವೆ. ಮಧ್ಯಯುಗದ ಯೂರೋಪಿನಲ್ಲಿ ಮುಖದ ಚರ್ಮವನ್ನು ತಿಂದುಹಾಕುವ ಹುಣ್ಣುಗಳಿಗೆ, ತೋಳ ಕಚ್ಚಿದಂತಿವೆಯೆಂದು, ಈ ಹೆಸರನ್ನಿಟ್ಟರು. ೧೮೪೫ರಲ್ಲಿ ವಿಯೆನ್ನಾದ ಹೆಬ್ರಾ ಎಂಬ ವೈದ್ಯನು ಮೂಗಿನ ಎರಡೂ ಕಡೆಯ ಕೆನ್ನೆಗಳಲ್ಲಿ ಚಿಟ್ಟೆ ರೆಕ್ಕೆ ಬಿಚ್ಚಿದಂತೆ ಹಬ್ಬುವ ಕೆಂಪನ್ನು ವರ್ಣಿಸಿದನು. ಕೆಲವು ವರ್ಷಗಳಲ್ಲಿ ಪ್ಯಾರಿಸಿನ ಕಜನಾವ್ ಈಗಿನ ಹೆಸರನ್ನು ಬಳಕೆಗೆ ತಂದನು. ಇದು ಚರ್ಮದ ರೋಗ ಮಾತ್ರವಲ್ಲ, ಇಡೀ ದೇಹವನ್ನೇ ಹಿಡಿಯಬಲ್ಲದು ಎಂದು ೧೮೭೨ರಲ್ಲಿ ಕಪೋಸಿ ತೋರಿಸಿದನು. ೧೮೯೫ರಿಂದ ೧೯೦೪ರವರೆಗೆ ವಿಲಿಯಂ ಓಸ್ಲರ್ ಬರೆದ ಲೇಖನಗಳಲ್ಲಿ, ಇಂಥ ರೋಗಿಗಳ ಮೂತ್ರಪಿಂಡಗಳೂ ಕೆಡುತ್ತವೆಂಬ ಸಂಗತಿ ದಾಖಲಾಯಿತು.

ನಮ್ಮಲ್ಲಿ ಕೆನ್ನೆ ಕೆಂಪಾದರೆ ಬಿಸಿಲು ಎನ್ನುತ್ತೇವೆ, ಪಿತ್ತ ಎನ್ನುತ್ತೇವೆ. ಹೋಗದಿದ್ದರೆ ನಾಗನ ಕಡೆಗೆ ಬೆರಳು ತೋರಿಸುತ್ತೇವೆ. ಕಡಬ ತಾಲ್ಲೂಕಿನಲ್ಲಿಯೇ ಇರುವ ಕುಕ್ಕೆ ಸುಬ್ರಹ್ಮಣ್ಯಕ್ಕೆ ಚರ್ಮವ್ಯಾಧಿಯವರು ಹರಕೆ ಹೊತ್ತು ಬರುವುದೂ, ಹುತ್ತದ ಮಣ್ಣನ್ನು ಮೃತ್ತಿಕಾ ಪ್ರಸಾದವಾಗಿ ಒಯ್ಯುವುದೂ ಬಹಳ ಕಾಲದ ವಾಡಿಕೆ. ಈ ಹುಡುಗಿಯ ಅಜ್ಜಿಯೂ ಹರಕೆ ಹೊತ್ತಿದ್ದರು. ಅವಳನ್ನು ನೋಡಿದ ವೈದ್ಯರು ವಿವೇಕಿಗಳು. "ಹರಕೆ ಸಲ್ಲಿಸಿ ಬನ್ನಿ ಅಜ್ಜಿ, ಆದರೆ ಮಾತ್ರೆ ಒಂದು ದಿನವೂ ತಪ್ಪಬಾರದು" ಎಂದಷ್ಟೇ ಹೇಳಿದರಂತೆ.

ಹಾಗಾದರೆ ಈ ರೋಗವೆಂದರೆ ಏನು? ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಗಿಂತ ಚೆನ್ನಾದ ವಿವರಣೆ ನನಗೆ ತಿಳಿಯದು. ಹೊರಗಿನಿಂದ ಬರುವ ರೋಗಾಣುಗಳನ್ನು ತಡೆಯಬೇಕಾದ ಪ್ರತಿಕಾಯಗಳು ದೇಹದ ಸ್ವಂತ ಜೀವಕೋಶಗಳ ನಡುವಣ ಬೀಜದ ಮೇಲೆಯೇ ತಿರುಗಿಬೀಳುತ್ತವೆ. ಹೆಂಗಸರಲ್ಲಿ, ಅದರಲ್ಲಿಯೂ ಹೆರುವ ವಯಸ್ಸಿನವರಲ್ಲಿ, ಇದು ಹೆಚ್ಚು. ಹತ್ತು ರೋಗಿಗಳಲ್ಲಿ ಒಂಬತ್ತು ಮಂದಿ ಹೆಂಗಸರೇ. ಕೀಲುನೋವು, ಜ್ವರ, ಕೂದಲು ಉದುರುವುದು, ಬಿಸಿಲು ತಾಳದಿರುವುದು, ಇವೆಲ್ಲ ರೋಗಿಗೆ ತಾನಾಗಿಯೇ ತಿಳಿಯುತ್ತವೆ. ಮೂತ್ರಪಿಂಡದ ಸಂಗತಿ ಹಾಗಲ್ಲ. ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ಸಣ್ಣ ಸೋಸುವ ಗಂಟುಗಳಿವೆ. ದಿನಕ್ಕೆ ೧೮೦ ಲೀಟರಿನಷ್ಟು ದ್ರವವನ್ನು ಅವು ರಕ್ತದಿಂದ ಸೋಸುತ್ತವೆ. ಬಹುಪಾಲು ಮರಳಿ ರಕ್ತಕ್ಕೇ ಸೇರಿ, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬರುತ್ತದೆ. ಲೂಪಸ್ಸಿನಲ್ಲಿ ಪ್ರತಿಕಾಯಗಳು ಈ ಜರಡಿಯಲ್ಲಿ ಸಿಕ್ಕಿಕೊಂಡು ಉರಿಯೂತವನ್ನು ಎಬ್ಬಿಸುತ್ತವೆ. ಆದರೆ ನೋವಿಲ್ಲ. ಕಾದ ಕಬ್ಬಿಣದ ಗುಂಡಿನಂತೆ, ಬೆಂಕಿಯಿದೆ, ಹೊಗೆಯಿಲ್ಲ. ಕಾಲು ಊದಿಕೊಂಡು, ಮುಖ ಬಾತು, ಮೂತ್ರ ನೊರೆನೊರೆಯಾಗಿ ಹೋಗುವ ವೇಳೆಗೆ ಕೆಲಸ ಬಹಳ ದೂರ ಸಾಗಿರಬಹುದು.

ಇಲ್ಲಿ ನನ್ನ ಸೋದರತ್ತೆಯ ನೆನಪು ಬರುತ್ತದೆ. ಪಂಜದ ಕಡೆಗೆ ಕೊಟ್ಟ ಅತ್ತೆ. ನಾನು ಏಳು ವರ್ಷದವನಿದ್ದಾಗ ಅವರು ತೀರಿಕೊಂಡರು. ಕೈಬೆರಳಿನ ಗಂಟುಗಳು ನೋಯುತ್ತವೆಂದು ಅಡಿಕೆ ಸುಲಿಯಲಾರದೆ ಮೂಲೆಯಲ್ಲಿ ಕುಳಿತಿರುತ್ತಿದ್ದುದು, ಬಿಸಿಲಿಗೆ ಹೊರಟರೆ ಸೆರಗನ್ನು ಹಣೆಯ ಮೇಲೆ ಎಳೆದುಕೊಳ್ಳುತ್ತಿದ್ದುದು, ಕೊನೆಯ ತಿಂಗಳುಗಳಲ್ಲಿ ಕಾಲು ಒತ್ತಿದರೆ ಗುಳಿ ಬೀಳುತ್ತಿದ್ದುದು ನನಗೆ ನೆನಪಿದೆ. ಮಕ್ಕಳಾದ ನಮಗೆ ಆ ಗುಳಿ ಒಂದು ಆಟವಾಗಿತ್ತು! ಮನೆಯವರು ನೀರು ಬಾವು ಎಂದರು. ಉಪ್ಪು ಬಿಡಿಸಿದರು, ಕಷಾಯ ಕೊಟ್ಟರು. ಅದು ಲೂಪಸ್ಸೇ ಆಗಿತ್ತೆಂದು ನಾನು ಹೇಳಲಾರೆ. ಯಾರೂ ಪರೀಕ್ಷಿಸಲಿಲ್ಲ. ಅವರ ಮೂತ್ರವನ್ನು ಒಂದು ಚಮಚದಲ್ಲಿ ಹಿಡಿದು ಕಾಯಿಸಿ ನೋಡುವವರೂ ಇರಲಿಲ್ಲ.

ಚಮಚದ ಮಾತು ಸುಮ್ಮನೆ ಬಂದದ್ದಲ್ಲ. ೧೭೬೪ರಲ್ಲಿ ಇಟಲಿಯ ಕೊಟುನ್ಯೋ ಎಂಬ ವೈದ್ಯನು, ಮೈಯೆಲ್ಲ ಊದಿಕೊಂಡಿದ್ದ ಸಿಪಾಯಿಯೊಬ್ಬನ ಮೂತ್ರವನ್ನು ಕಾಯಿಸಿದಾಗ ಅದು ಮೊಟ್ಟೆಯ ಬಿಳಿಯಂತೆ ಗಟ್ಟಿಯಾದುದನ್ನು ವರದಿಮಾಡಿದನು. ಲಂಡನ್ನಿನ ಗೈ ಆಸ್ಪತ್ರೆಯ ರಿಚರ್ಡ್ ಬ್ರೈಟ್ ೧೮೨೭ರಲ್ಲಿ ಇದನ್ನೇ ಒಂದು ಶಾಸ್ತ್ರವನ್ನಾಗಿ ಮಾಡಿದನು. ಚಮಚದಲ್ಲಿ ಮೂತ್ರ, ಕೆಳಗೆ ಮೇಣದಬತ್ತಿ. ಇಷ್ಟೇ ಅವನ ಉಪಕರಣ. ಯಾರ ಮೂತ್ರ ಹೀಗೆ ಹೆಪ್ಪುಗಟ್ಟುವುದೋ, ಸತ್ತ ಮೇಲೆ ಅವರ ದೇಹವನ್ನು ತೆರೆದು ನೋಡಿದರೆ ಮೂತ್ರಪಿಂಡಗಳು ಕೆಟ್ಟಿರುವುದು ಅವನಿಗೆ ಕಂಡಿತು. ಹೊಗೆಗೂ ಬೆಂಕಿಗೂ ಸಂಬಂಧ ಹೀಗೆ ಸ್ಥಾಪಿತವಾಯಿತು. ಅದಾದ ಹತ್ತು ವರ್ಷಕ್ಕೆ, ೧೮೩೭ರಲ್ಲಿ, ನಮ್ಮ ಅಮರಸುಳ್ಯದ ರೈತರು ಕಂಪೆನಿಯ ವಿರುದ್ಧ ದಂಗೆಯೆದ್ದು ಬೆಳ್ಳಾರೆಯ ಖಜಾನೆಯನ್ನು ಹಿಡಿದರು ಎಂದು ಹೇಳಿದರೆ ಆ ಕಾಲ ಎಷ್ಟು ಹಿಂದಿನದೆಂದು ವಾಚಕರಿಗೆ ಅಂದಾಜಾದೀತು. ಅಷ್ಟು ಹಳೆಯ, ಕಾಸಿನ ಖರ್ಚಿಲ್ಲದ ಈ ಪರೀಕ್ಷೆ ನೂರೈವತ್ತು ವರ್ಷಗಳ ನಂತರವೂ ನಮ್ಮತ್ತೆಯ ಮನೆಬಾಗಿಲಿಗೆ ಬಂದಿರಲಿಲ್ಲ.

ನಮ್ಮವರಿಗೆ ಮೂತ್ರವನ್ನು ನೋಡುವ ಅಭ್ಯಾಸ ಇರಲಿಲ್ಲವೆಂದಲ್ಲ. ಆಯುರ್ವೇದವು ಪ್ರಮೇಹಗಳನ್ನು ಇಪ್ಪತ್ತಾಗಿ ವಿಂಗಡಿಸಿತು: ಕಫದಿಂದ ಹತ್ತು, ಪಿತ್ತದಿಂದ ಆರು, ವಾತದಿಂದ ನಾಲ್ಕು. ಬಣ್ಣ, ವಾಸನೆ, ಸಿಹಿ, ಗಷ್ಟು ಎಲ್ಲವನ್ನೂ ನೋಡಿಯೇ ಆ ವಿಂಗಡಣೆ. ತರುವಾಯದ ಯೋಗರತ್ನಾಕರ ಗ್ರಂಥದಲ್ಲಿ ಮೂತ್ರದ ಮೇಲೆ ಎಣ್ಣೆಯ ಹನಿ ಬಿಟ್ಟು ಅದು ಹರಡುವ ಬಗೆಯಿಂದ ರೋಗದ ಗತಿಯನ್ನು ಹೇಳುವ ತೈಲಬಿಂದು ಪರೀಕ್ಷೆಯಿದೆ. ಕನ್ನಡದಲ್ಲಿಯೂ ವೈದ್ಯಗ್ರಂಥಗಳಿಗೆ ಕೊರತೆಯಿಲ್ಲ. ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ ಹನ್ನೆರಡನೆಯ ಶತಮಾನದ್ದು, ಮಂಗರಾಜನ ಖಗೇಂದ್ರಮಣಿದರ್ಪಣ ಹದಿನಾಲ್ಕನೆಯ ಶತಮಾನದ್ದು. ಹಳೆಯ ವೈದ್ಯರು ರೋಗವನ್ನು ಅರಿಯಲು ಹೇಳಿದ ಐದು ದಾರಿಗಳಲ್ಲಿ ಪೂರ್ವರೂಪ ಎಂಬುದೊಂದು. ರೋಗ ಪೂರ್ತಿ ಪ್ರಕಟವಾಗುವ ಮೊದಲೇ ತೋರುವ ಕುರುಹು. ಈಗಿನವರು ಜೈವಿಕ ಸೂಚಕ ಎಂದು ಕರೆಯುವ ವಸ್ತುವಿಗೆ ಇದಕ್ಕಿಂತ ಸೊಗಸಾದ ಹೆಸರನ್ನು ನಾನು ಕಾಣೆ. ಆದರೆ ಹೆಸರಿದ್ದ ಮಾತ್ರಕ್ಕೆ ಸಾಲದು. ಕುರುಹನ್ನು ಸತ್ತವರ ಮೂತ್ರಪಿಂಡದೊಡನೆ ತಾಳೆನೋಡುವ ಕೆಲಸ ಬ್ರೈಟನದು. ಆ ಹೆಚ್ಚಳವನ್ನು ನಾವು ಒಪ್ಪಿಕೊಳ್ಳಲೇಬೇಕು.

ಮುಂದಿನ ಹೆಜ್ಜೆಗಳು ಒಂದೊಂದಾಗಿ ಬಂದವು. ೧೮೮೬ರಲ್ಲಿ ಮ್ಯಾಕ್ಸ್ ಯಾಫೆ ಕಂಡುಹಿಡಿದ ಬಣ್ಣದ ಕ್ರಿಯೆಯಿಂದ ಕ್ರಿಯಾಟಿನಿನ್ ಎಂಬ ಕಶ್ಮಲವನ್ನು ಅಳೆಯುವುದು ಸಾಧ್ಯವಾಯಿತು. ಮೂತ್ರಪಿಂಡ ಸೋತರೆ ರಕ್ತದಲ್ಲಿ ಅದು ಏರುತ್ತದೆ. ಕೊರತೆಯೆಂದರೆ, ಅರ್ಧದಷ್ಟು ಶಕ್ತಿ ಹೋಗುವವರೆಗೂ ಅದು ಅನೇಕರಲ್ಲಿ ಸುಮ್ಮನಿರುತ್ತದೆ. ಮನೆಯ ಅರ್ಧ ಸುಟ್ಟ ಮೇಲೆ ಕೂಗುವ ಕಾವಲುಗಾರನಂತೆ. ೧೯೪೮ರಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದ ಹಾರ್ಗ್ರೇವ್ಸ್ ಮತ್ತು ಸಂಗಡಿಗರು, ಬೇರೊಂದು ಕೋಶದ ಬೀಜವನ್ನು ನುಂಗಿ ಕುಳಿತ ಬಿಳಿಯ ರಕ್ತಕಣವನ್ನು ಲೂಪಸ್ ರೋಗಿಗಳಲ್ಲಿ ಕಂಡರು. ೧೯೫೭ರಲ್ಲಿ ಆ ಬೀಜದ ಡಿಎನ್‌ಎಯ ಮೇಲೆಯೇ ಎರಗುವ ಪ್ರತಿಕಾಯಗಳು ಪತ್ತೆಯಾದವು. ಹತ್ತು ವರ್ಷಗಳ ಬಳಿಕ ಅದೇ ಪ್ರತಿಕಾಯಗಳನ್ನು ರೋಗಿಗಳ ಮೂತ್ರಪಿಂಡದಿಂದಲೇ ಬಿಡಿಸಿ ತೋರಿಸಿದರು. ಈ ಕಾಳಗದಲ್ಲಿ ಸಿ೩, ಸಿ೪ ಎಂಬ ರಕ್ತದ ಪ್ರೋಟೀನುಗಳು ಖರ್ಚಾಗಿಹೋಗುವುದರಿಂದ, ಅವುಗಳ ಮಟ್ಟ ಇಳಿಯಿತೆಂದರೆ ಒಳಗೆ ಯುದ್ಧ ನಡೆದಿದೆಯೆಂಬ ಸುದ್ದಿ.

ಆದರೂ ಜೀವಂತ ರೋಗಿಯ ಮೂತ್ರಪಿಂಡವನ್ನು ಕಣ್ಣಾರೆ ಕಾಣುವ ಬಗೆಯೆಂತು? ೧೯೫೧ರಲ್ಲಿ ಡೆನ್ಮಾರ್ಕಿನ ಈವರ್ಸನ್ ಮತ್ತು ಬ್ರೂನ್ ಎಂಬವರು ಬೆನ್ನಿನಿಂದ ಸೂಜಿ ಚುಚ್ಚಿ ಒಂದು ಎಳೆಯಷ್ಟು ಮಾಂಸವನ್ನು ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಷಿಕಾಗೋದ ಕಾರ್ಕ್, ಮ್ಯೂರ್ಕಿ ಮುಂತಾದವರು ೧೯೫೭ರಲ್ಲಿ ಇದೇ ವಿಧಾನದಿಂದ ಲೂಪಸ್ ರೋಗಿಗಳ ಮೂತ್ರಪಿಂಡಗಳನ್ನು ಪರಿಶೀಲಿಸಿ ವಿವರವಾಗಿ ಬರೆದರು. ಇಂದು ಅದನ್ನು ಆರು ವರ್ಗಗಳಾಗಿ ವಿಂಗಡಿಸುತ್ತಾರೆ. ಯಾವ ವರ್ಗವೆಂಬುದರ ಮೇಲೆ ಔಷಧ. ದಿನಕ್ಕೆ ೧೫೦ ಮಿಲಿಗ್ರಾಮಿಗಿಂತ ಕಡಿಮೆ ಪ್ರೋಟೀನು ಹೋಗುವುದು ಸಹಜ. ಲೂಪಸ್ ಇದ್ದವರಲ್ಲಿ ಅದು ೫೦೦ನ್ನು ಮೀರಿ ನಿಂತರೆ ವೈದ್ಯರು ಬಯಾಪ್ಸಿಯ ಮಾತನ್ನು ಎತ್ತುತ್ತಾರೆ.

ಔಷಧದ ಚರಿತ್ರೆಯನ್ನೂ ಎರಡು ಮಾತಿನಲ್ಲಿ ಹೇಳಬೇಕು. ಚಳಿಜ್ವರಕ್ಕೆ ಕ್ವಿನೈನ್ ನುಂಗಿ ಬದುಕಿದ ಸೀಮೆ ನಮ್ಮದು. ಅದೇ ಕ್ವಿನೈನನ್ನು ೧೮೯೪ರಲ್ಲಿ ಲಂಡನ್ನಿನ ಪೇನ್ ಎಂಬಾತನು ಲೂಪಸ್ಸಿಗೆ ಕೊಟ್ಟು ನೋಡಿದನು. ೧೯೫೧ರಲ್ಲಿ ಮತ್ತೊಂದು ಮಲೇರಿಯಾ ಮದ್ದು ಗುಣಕೊಟ್ಟಿತು. ಆ ವಂಶದ ಹೈಡ್ರಾಕ್ಸಿಕ್ಲೋರೋಕ್ವಿನ್ ಇಂದಿಗೂ ಲೂಪಸ್ ರೋಗಿಗಳ ನಿತ್ಯದ ಮಾತ್ರೆ. ಅದರ ಜೊತೆಗೆ ೧೯೪೮ರಲ್ಲಿ ಹೆಂಚ್ ಮೊದಲು ಕೀಲುವಾತದ ರೋಗಿಗೆ ಕೊಟ್ಟ ಕಾರ್ಟಿಸೋನಿನ ಬಳಗದ ಸ್ಟೆರಾಯ್ಡುಗಳು. ೧೯೫೫ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯವರು ಪ್ರಕಟಿಸಿದ ಲೆಕ್ಕದಲ್ಲಿ, ರೋಗ ಗೊತ್ತಾದ ನಾಲ್ಕು ವರ್ಷಕ್ಕೆ ಬದುಕಿ ಉಳಿದವರು ಸುಮಾರು ಅರ್ಧದಷ್ಟು. ಇಂದು ಒಳ್ಳೆಯ ಚಿಕಿತ್ಸೆ ಸಿಕ್ಕವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೇಲ್ಪಟ್ಟು ಮಂದಿ ಐದು ವರ್ಷಗಳನ್ನು ದಾಟುತ್ತಾರೆ.

ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಇಲ್ಲಿ ಫ್ಲಾನರಿ ಓ'ಕಾನರ್ ನೆನಪಾಗುತ್ತಾಳೆ. ಅಮೆರಿಕದ ಈ ಕತೆಗಾರ್ತಿ ಹುಟ್ಟಿದ್ದು ೧೯೨೫ರಲ್ಲಿ. ಅವಳ ತಂದೆ ೧೯೪೧ರಲ್ಲಿ ಲೂಪಸ್ಸಿನಿಂದ ತೀರಿಕೊಂಡಿದ್ದನು. ಅವಳಿಗೂ ಅದೇ ರೋಗ ಬಂದಾಗ ತಾಯಿ ಅದರ ಹೆಸರನ್ನು ಅವಳಿಂದ ಮುಚ್ಚಿಟ್ಟಳು. ೧೯೫೨ರಲ್ಲಿ ಸ್ನೇಹಿತೆಯೊಬ್ಬಳು ಹೇಳಿದ ಮೇಲೆಯೇ ಅವಳಿಗೆ ನಿಜ ತಿಳಿದದ್ದು. ಆಮೇಲೆ ಹನ್ನೆರಡು ವರ್ಷ, ಊರುಗೋಲು ಹಿಡಿದು, ನವಿಲು ಸಾಕಿಕೊಂಡು, ಬರೆಯುತ್ತ ಬದುಕಿದಳು. ೧೯೬೪ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಜಾರ್ಜಿಯಾದ ಆ ತಾಯಿಗೂ ಕಡಬದ ಈ ತಾಯಿಗೂ ಎಷ್ಟು ದೂರ! ಆದರೆ ಇಬ್ಬರೂ ಹೆಸರನ್ನು ಸೆರಗಿನಲ್ಲಿ ಕಟ್ಟಿಟ್ಟುಕೊಂಡವರೇ.

ಇರಲಿ, ನನ್ನ ವಿದ್ಯಾರ್ಥಿನಿಯ ಕಥೆಗೆ ಮರಳುತ್ತೇನೆ. ಚಿಕಿತ್ಸೆಯಿಂದ ಅವಳ ಕೆನ್ನೆಯ ಕೆಂಪು ಇಳಿಯಿತು, ಕೀಲುನೋವು ಹೋಯಿತು. ಸ್ಟೆರಾಯ್ಡಿನಿಂದ ಮುಖ ಮಾತ್ರ ದುಂಡಗೆ ಊದಿಕೊಂಡಿತು. ಅಷ್ಟರಲ್ಲಿ ಒಂದು ಸಂಬಂಧ ಕೇಳಿಕೊಂಡು ಬಂತು. ಹುಡುಗನ ಕಡೆಯವರು ನೋಡಲು ಬರುವ ಮುಂಚೆ ಮುಖ ಮೊದಲಿನಂತಾಗಲೆಂದು ಯಾರೋ ಹಿತೈಷಿಗಳು ಸಲಹೆಕೊಟ್ಟರು, ಮಾತ್ರೆ ನಿಂತಿತು. ಮೂರು ತಿಂಗಳ ಕಾಲ ಅವಳಿಗೆ ಏನೂ ಆಗಲಿಲ್ಲ. ಹಾಗೆಂದು ಅವಳೇ ನನಗೆ ಹೇಳಿದ್ದು: "ಚೆನ್ನಾಗಿಯೇ ಇದ್ದೆ ಸರ್, ಕ್ಲಾಸಿಗೂ ಬರುತ್ತಿದ್ದೆ." ವಾಡಿಕೆಯ ಪರೀಕ್ಷೆಯ ದಿನ ಬಂದಾಗ ಹೋಗುವುದು ಬೇಡವೆಂದೇ ಮನೆಯವರ ಅಭಿಪ್ರಾಯ. ಅವಳು ಹಟಹಿಡಿದು ನನ್ನನ್ನು ಕೇಳಿಕೊಂಡಳು. ನಾನೂ ಅವಳ ತಾಯಿಯೂ ಜೊತೆಗೆ ಹೋದೆವು. ಈ ಸಲ ಕ್ಯಾನು ಬೇಕಾಗಲಿಲ್ಲ. ಒಂದು ಸಲದ ಮೂತ್ರದಲ್ಲಿಯೇ ಪ್ರೋಟೀನಿಗೂ ಕ್ರಿಯಾಟಿನಿನ್ನಿಗೂ ಇರುವ ಪ್ರಮಾಣವನ್ನು ನೋಡಿ ದಿನದ ಲೆಕ್ಕವನ್ನು ಅಂದಾಜುಮಾಡಬಹುದೆಂದು ೧೯೮೩ರಷ್ಟು ಹಿಂದೆಯೇ ತೋರಿಸಿದ್ದಾರೆ. ಬೆಂಚಿನ ಮೇಲೆ ಕುಳಿತು ನಾವು ಕಾದೆವು. ಬಂದ ಚೀಟಿಯಲ್ಲಿ ಪ್ರೋಟೀನು ಹಿಂದಿನದಕ್ಕಿಂತ ನಾಲ್ಕು ಪಾಲಾಗಿತ್ತು, ಮೂತ್ರದಲ್ಲಿ ರಕ್ತಕಣಗಳಿದ್ದವು. ಮುಖದಲ್ಲಿ ಮಾತ್ರ ಆರೋಗ್ಯದ ಕಳೆ! ಗುಂಡು ಒಳಗೇ ಕಾಯುತ್ತಿತ್ತು.

ಆಗ ವೈದ್ಯರು ಹೇಳಿದ ಒಂದು ಮಾತು ನನ್ನನ್ನು ಈ ಲೇಖನಕ್ಕೆ ಹಚ್ಚಿತು. "ಪ್ರೋಟೀನು ಹೋಗುತ್ತಿದೆ ಎಂಬುದು ಸರಿ. ಆದರೆ ಇದು ಈಗ ಹತ್ತಿದ ಉರಿಯಿಂದಲೋ, ಹಿಂದಿನ ಗಾಯದ ಕಲೆಯಿಂದಲೋ ಎಂದು ಪ್ರೋಟೀನು ಹೇಳುವುದಿಲ್ಲ. ಉರಿಯಾದರೆ ಮದ್ದು ಹೆಚ್ಚಿಸಬೇಕು. ಬರೀ ಕಲೆಯಾದರೆ ಅದೇ ಮದ್ದು ಸುಮ್ಮನೆ ವಿಷ." ನನಗೆ ಗುಡ್ಡದ ಮಂಜು ನೆನಪಾಯಿತು. ಕಂಡದ್ದೆಲ್ಲ ಹೊಗೆಯಲ್ಲ. ಮೂತ್ರ ಶುದ್ಧವಾಗಿದ್ದರೂ ಬಯಾಪ್ಸಿಯಲ್ಲಿ ಉರಿಯೂತ ಉಳಿದಿರುವುದುಂಟು, ಪ್ರೋಟೀನು ಹೋಗುತ್ತಿದ್ದರೂ ಬರೀ ಕಲೆಯೇ ಇರುವುದುಂಟು ಎಂದು ಮತ್ತೆ ಮತ್ತೆ ಬಯಾಪ್ಸಿ ಮಾಡಿ ನೋಡಿದವರು ಕಂಡಿದ್ದಾರೆ. ಆದರೆ ಮೂರು ತಿಂಗಳಿಗೊಮ್ಮೆ ಯಾರ ಬೆನ್ನಿಗೆ ಸೂಜಿ ಚುಚ್ಚಲಾದೀತು?

ಆದ್ದರಿಂದಲೇ ಈ ಶತಮಾನದ ಆರಂಭದಿಂದ ವಿಜ್ಞಾನಿಗಳು ಮೂತ್ರದಲ್ಲಿ ಬೇರೆ ಕುರುಹುಗಳನ್ನು ಅರಸುತ್ತಿದ್ದಾರೆ. ಎನ್‌ಜಿಎಎಲ್ ಎಂಬುದು ಮೂತ್ರಪಿಂಡದ ನಾಳಗಳು ಪೆಟ್ಟುತಿಂದಾಗ ಹೊರಬೀಳುವ ಪ್ರೋಟೀನು. ಎಂಸಿಪಿ-೧ ಎಂಬುದು ಉರಿಯಿರುವಲ್ಲಿಗೆ ಬಿಳಿಯ ರಕ್ತಕಣಗಳನ್ನು ಕೂಗಿ ಕರೆಯುವ ದೂತ. ಸಿಡಿ೧೬೩ ಎಂಬುದು ಹಾಗೆ ಬಂದು ಸೇರಿದ ಭಕ್ಷಕ ಕೋಶಗಳ ಮೈಮೇಲಿನ ಗುರುತು. ಅದು ಉದುರಿ ಮೂತ್ರಕ್ಕೆ ಬರುತ್ತದೆ. ಮಕ್ಕಳ ಲೂಪಸ್ಸಿಗಾಗಿ ೨೦೧೬ರಲ್ಲಿ ಇಂಥ ಆರು ಪ್ರೋಟೀನುಗಳನ್ನು ಕೂಡಿಸಿ ಒಂದು ಸೂಚ್ಯಂಕವನ್ನೇ ರಚಿಸಿದರು. ಇವು ಪ್ರೋಟೀನಿನ ಮೊತ್ತಕ್ಕಿಂತ ಬೆಂಕಿಯ ಸಮೀಪದಲ್ಲಿ ಹುಟ್ಟುವ ಹೊಗೆಗಳು. ಆದರೂ ಬಯಾಪ್ಸಿಯನ್ನು ಬದಿಗೆ ಸರಿಸುವಷ್ಟು ನಂಬಿಕೆಯನ್ನು ಇವು ಇನ್ನೂ ಗಳಿಸಿಲ್ಲ. ಊರ ಪ್ರಯೋಗಶಾಲೆಗಳಿಗೂ ಇವು ಬಂದಿಲ್ಲ. ಮಧ್ಯಕಾಲದಲ್ಲಿ ನಮಗಿರುವುದು ಬ್ರೈಟನ ಚಮಚದ ಮೊಮ್ಮಗನಾದ ಕಾಗದದ ಪಟ್ಟಿಯೇ. ಮೂತ್ರದಲ್ಲಿ ಅದ್ದಿದರೆ ಬಣ್ಣ ಬದಲಾಗುವ ಈ ಪಟ್ಟಿ ೧೯೫೦ರ ದಶಕದಲ್ಲಿ ಬಳಕೆಗೆ ಬಂತು. ಸಾಧಾರಣ ಆಸ್ಪತ್ರೆಯಲ್ಲಿಯೂ ಸಿಗುತ್ತದೆ.

ನನ್ನ ವಿದ್ಯಾರ್ಥಿನಿಗೆ ಬಯಾಪ್ಸಿ ಆಯಿತು. ಉರಿಯೂ ಇತ್ತು, ಸ್ವಲ್ಪ ಕಲೆಯೂ ಇತ್ತು. ಉರಿ ಈಗ ಹತೋಟಿಯಲ್ಲಿದೆ, ಕಲೆ ಹೋಗುವುದಿಲ್ಲ. ಆ ಮೂರು ತಿಂಗಳಿಗೆ ಕೊಟ್ಟ ಬೆಲೆ ಅದು. ಬಂದಿದ್ದ ಸಂಬಂಧ, ನಿಜವನ್ನು ಹೇಳಿದೊಡನೆ, ತಿರುಗಿಹೋಯಿತು. ಆ ದಿನ ತಾಯಿ ಬಹಳ ಅತ್ತರು. ಮಗಳು ಅಳಲಿಲ್ಲವೆಂದು ಕೇಳಿದ್ದೇನೆ.

ಶಿವರಾಮ ಕಾರಂತರು ಇದೇ ಪುತ್ತೂರಿನಲ್ಲಿ ಕುಳಿತು ಬಾಲಪ್ರಪಂಚವನ್ನೂ ವಿಜ್ಞಾನ ಪ್ರಪಂಚವನ್ನೂ ಕನ್ನಡಕ್ಕೆ ಕಟ್ಟಿಕೊಟ್ಟವರು. ತಿಳಿಯದ್ದನ್ನು ತಿಳಿದುಕೊಳ್ಳಲು ಇಂಗ್ಲಿಷಿಗಾಗಿ ಕಾಯಬೇಕಾಗಿಲ್ಲ ಎಂಬುದನ್ನು ತೋರಿಸಿದವರು. ಇಂದು ಸುಳ್ಯದಲ್ಲಿಯೇ ಕುರುಂಜಿ ವೆಂಕಟರಮಣ ಗೌಡರು ಕಟ್ಟಿದ ವೈದ್ಯಕೀಯ ಕಾಲೇಜಿದೆ. ಮಂಗಳೂರಿಗೂ ಮಣಿಪಾಲಕ್ಕೂ ಬಸ್ಸುಗಳಿವೆ. ಅತ್ತೆಯ ಕಾಲದ ದೂರ ಈಗಿಲ್ಲ. ಉಳಿದಿರುವ ದೂರವೆಂದರೆ ಸೆರಗಿನಲ್ಲಿ ಕಟ್ಟಿಟ್ಟ ಆ ಹೆಸರಿನದು. ಮನೆಯ ಹೆಣ್ಣುಮಗಳಿಗೆ ಕಾರಣ ತಿಳಿಯದ ಕೀಲುನೋವು, ಬಿಸಿಲಿಗೆ ಏಳುವ ಕೆನ್ನೆಯ ಕೆಂಪು ಇದ್ದರೆ ಅವಳ ಮೂತ್ರವನ್ನೊಮ್ಮೆ ಪರೀಕ್ಷಿಸಿಕೊಳ್ಳಿ. ರೋಗವಿದೆಯೆಂದು ಗೊತ್ತಾದವರು ಚೆನ್ನಾಗಿದ್ದೇನೆಂದು ಪರೀಕ್ಷೆಯನ್ನು ತಪ್ಪಿಸಬೇಡಿ.

ಹುಡುಗಿ ಈ ವರ್ಷ ಎಂ.ಎ.ಗೆ ಸೇರಿದ್ದಾಳೆ, ಕನ್ನಡಕ್ಕೇ. ಮೂರು ತಿಂಗಳಿಗೊಮ್ಮೆ ಪರೀಕ್ಷೆಯ ಚೀಟಿಯನ್ನು ತಂದು ನನಗೆ ತೋರಿಸುತ್ತಾಳೆ. ಮೊನ್ನೆ ಬಂದಾಗ ಅವಳ ತಾಯಿಯೂ ಜೊತೆಗಿದ್ದರು. ಅಧ್ಯಾಪಕರ ಕೊಠಡಿಯಲ್ಲಿ ನಾಲ್ಕಾರು ಮಂದಿ ಕುಳಿತಿದ್ದರು. ಒಬ್ಬರು ಹುಡುಗಿಗೆ ಏನು ಕಾಯಿಲೆಯೆಂದು ಕೇಳಿದರು. ನಾನು ಮಾತು ತೇಲಿಸಲು ನೋಡಿದೆ. ತಾಯಿ ನನ್ನತ್ತ ಒಮ್ಮೆ ನೋಡಿ, "ಲೂಪಸ್" ಎಂದರು.